ಆರು ಹಿಡಿತದ ಆಟ

ನಾನು ಆಟದ ವಿಷಯ ಬರೆಯಲು ಕೂತಿದ್ದೇನೆಂದು ಗೊತ್ತಾದರೆ ನಮ್ಮ ಶಾಲೆಯ ಪಿ.ಟಿ. ಮಾಸ್ತರರು ಮೊದಲು ನಗುತ್ತಾರೆ. ಅವರು ನಗುವುದರಲ್ಲಿ ತಪ್ಪೇನಿಲ್ಲ. ಪೋರ್ಷನ್ ಮುಗಿದಿಲ್ಲವೆಂಬ ನೆಪ ಹೇಳಿ ಅವರ ಆಟದ ಪೀರಿಯಡ್ಡನ್ನು ಎರವಲು ಪಡೆದು, ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಹಿಂತಿರುಗಿಸದ ಇಂಗ್ಲಿಷ್ ಟೀಚರು ನಾನು. ಅಂಥವಳು ರಗ್ಬಿ ಲೀಗಿನ ಬಗ್ಗೆ, ಅದೂ ಅಮೆರಿಕದವರಿಗೆ ಆ ಆಟ ಹಿಡಿಸುವುದೋ ಇಲ್ಲವೋ ಎಂಬ ಬಗ್ಗೆ ಬರೆಯುವುದೆಂದರೆ ಅಧಿಕಪ್ರಸಂಗವೇ ಸರಿ. ಆದರೆ ಎಂಟು ವರ್ಷದ ಮೊಮ್ಮಗನ ಕಾರಣದಿಂದ ನಾನು ಈ ಆಟದ ಬಗ್ಗೆ ಒಂದು ತೀರ್ಪು ಕೊಡಲೇಬೇಕಾಯಿತು. ಕೊಟ್ಟ ಮೇಲೆ ಅದಕ್ಕೆ ಕಾರಣ ಹೇಳುವುದು ಮಾಸ್ತರಿಕೆಯ ಧರ್ಮ.

2024ರ ಬೇಸಿಗೆ ರಜೆಯಲ್ಲಿ ಸಿಡ್ನಿಗೆ ಮಗಳ ಮನೆಗೆ ಹೋಗಿದ್ದೆ. ನಮಗೆ ಬೇಸಿಗೆ, ಅವರಿಗೆ ಚಳಿ ಕಾಲಿಡುವ ಹೊತ್ತು, ಈ ಆಟದ ಸುಗ್ಗಿ. ಮಗಳ ಮನೆ ಇರುವುದು ಪರಮಟ್ಟಾ ಎಂಬ ಊರಿನ ಆಸುಪಾಸಿನಲ್ಲಿ. ಅಲ್ಲಿ ಹತ್ತು ಹೆಜ್ಜೆಗೊಬ್ಬರು ನಮ್ಮ ದೇಶದವರು ಎದುರಾಗುತ್ತಾರೆ. ದೋಸೆ ಸಿಗುತ್ತದೆ, ಮಲ್ಲಿಗೆ ಹೂವೂ ಸಿಗುತ್ತದೆ. ಆ ಊರಿಗೆ ತನ್ನದೇ ಆದ ಒಂದು ರಗ್ಬಿ ಲೀಗ್ ತಂಡವಿದೆ. ಹಾವುಮೀನು ಅದರ ಲಾಂಛನ. 1986ರಲ್ಲಿ ಅದು ಕೊನೆಯ ಬಾರಿ ಚಾಂಪಿಯನ್ ಆಯಿತು, ಅಲ್ಲಿಂದ 2025ರ ತನಕ ಮತ್ತೆ ಆಗಲಿಲ್ಲ. ಆದರೂ ಊರಿನವರು ನೀಲಿ-ಹಳದಿ ಅಂಗಿ ತೊಟ್ಟು ಪ್ರತಿ ವರ್ಷ ಹೋಗಿ ಕೂರುತ್ತಾರೆ. ಸೋಲುವ ತಂಡವನ್ನು ಬಿಡದೆ ಪ್ರೀತಿಸುವವರ ಮೇಲೆ ನನಗೆ ಮೊದಲಿನಿಂದಲೂ ಗೌರವ. ಹಿಂದಿನ ಬೆಂಚಿನ ಹುಡುಗರನ್ನು ಇಷ್ಟಪಡುವ ಟೀಚರಿಗೆ ಅದು ಸಹಜ.

ಒಂದು ಭಾನುವಾರ ಅಳಿಯ ನಮ್ಮೆಲ್ಲರನ್ನೂ ಆಟಕ್ಕೆ ಕರೆದುಕೊಂಡು ಹೋದ. ಮೊದಲ ಹತ್ತು ನಿಮಿಷ ನನಗೆ ಕಂಡದ್ದು ಇಷ್ಟೇ: ದಪ್ಪ ದಪ್ಪ ಗಂಡಸರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ಜನ ಕೂಗುತ್ತಿದ್ದರು. ಮಗಳು ಹಸಿದಿದ್ದೀಯಾ ಎಂದು ಕೇಳಿದಳು, ಮನೆಗೆ ಹೋಗೋಣವೇ ಎಂದು ಕೇಳುವ ಧಾಟಿಯಲ್ಲಿ. ಆಗ ಮೊಮ್ಮಗ ನನ್ನ ಕೈ ಹಿಡಿದು ಬೆರಳು ಬಿಡಿಸಿದ. "ಅಜ್ಜಿ, ನೀನು ಏನೂ ನೋಡಬೇಡ, ಎಣಿಸು ಅಷ್ಟೇ" ಎಂದ.

ಎಣಿಸಿದೆ. ಚೆಂಡು ಹಿಡಿದವನು ಎದುರಾಳಿಗಳ ಕಡೆಗೆ ಓಡುತ್ತಾನೆ. ಅವರು ಅವನನ್ನು ಹಿಡಿದು ಕೆಡವುತ್ತಾರೆ. ಒಂದು. ಅವನು ಎದ್ದು ನಿಂತು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ, ತನ್ನವನೊಬ್ಬ ಎತ್ತಿಕೊಂಡು ಇನ್ನೊಬ್ಬನಿಗೆ ಕೊಡುತ್ತಾನೆ, ಅವನೂ ಓಡುತ್ತಾನೆ, ಬೀಳುತ್ತಾನೆ. ಎರಡು. ಹೀಗೆ ಐದಾದಾಗ ರೆಫರಿ ಕೈ ಎತ್ತಿ ಎಚ್ಚರಿಸುತ್ತಾನೆ. ಆರನೆಯ ಬಾರಿ ಹಿಡಿದರೆ ಚೆಂಡು ಎದುರು ತಂಡದ ಪಾಲು. ಆದ್ದರಿಂದ ಅಷ್ಟರೊಳಗೆ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಬೇಕು, ಇಲ್ಲವೇ ದೂರಕ್ಕೆ ಒದ್ದು ಕಳಿಸಬೇಕು. ಮುಟ್ಟಿಸಿದರೆ ನಾಲ್ಕು ಅಂಕ, ಅದರ ಬೆನ್ನಿಗೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಮುಂದೆ ಹೋಗಬೇಕು, ಆದರೆ ಕೊಡುವುದು ಹಿಂದಿದ್ದವನಿಗೆ. ತಂಡಕ್ಕೆ ಹದಿಮೂರು ಜನ, ನಲವತ್ತು ನಿಮಿಷದ ಎರಡು ಪಾಳಿ. ಇಷ್ಟು ತಿಳಿಯಲು ನನಗೆ ಕಾಲು ಗಂಟೆ ಹಿಡಿಯಿತು. ಕ್ರಿಕೆಟ್ಟಿನ ಎಲ್‌ಬಿಡಬ್ಲ್ಯು ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ದ್ವಿತೀಯಾರ್ಧದಲ್ಲಿ ನಾನೇ ಐದನೆಯ ಬೆರಳಿಗೆ ಕುರ್ಚಿಯ ಅಂಚಿಗೆ ಬರುತ್ತಿದ್ದೆ.

ಹೊಸಬರಿಗೆ ಈ ಆಟ ಹಿಡಿಸುವುದರ ಮೊದಲ ಗುಟ್ಟು ಇದೇ ಎಂದು ನನ್ನ ಅನಿಸಿಕೆ. ಅದು ಆರು ಸಾಲಿನ ಪುಟ್ಟ ಪುಟ್ಟ ಕತೆಗಳ ಸರಪಳಿ. ಪ್ರತಿ ಕತೆಗೂ ಒಂದು ಆರಂಭ, ಒಂದು ಒತ್ತಡ, ಒಂದು ಕೊನೆ. ಮಧ್ಯದಲ್ಲಿ ಬಂದು ಕೂತವನೂ ಮುಂದಿನ ಕತೆಗೆ ಸೇರಿಕೊಳ್ಳಬಹುದು. ನಮ್ಮ ಕಬಡ್ಡಿಯ ಗುಟ್ಟೂ ಇದೇ ಅಲ್ಲವೆ? ಒಬ್ಬ ಹೋಗುತ್ತಾನೆ, ಮುಟ್ಟುತ್ತಾನೆ, ಹಿಡಿಯುತ್ತಾರೆ ಅಥವಾ ತಪ್ಪಿಸಿಕೊಳ್ಳುತ್ತಾನೆ. ನಿಯಮ ಗೊತ್ತಿಲ್ಲದ ಮುದುಕಿಯೂ ಜಾತ್ರೆಯ ಬಯಲಲ್ಲಿ ನಿಂತು ಉಸಿರು ಬಿಗಿ ಹಿಡಿಯುತ್ತಾಳೆ.

ಆ ರಾತ್ರಿ ಮನೆಗೆ ಬಂದ ಮೇಲೆ ಅಳಿಯ ಒಂದು ವಿಡಿಯೋ ತೋರಿಸಿದ. ಆ ವರ್ಷದ ಮಾರ್ಚ್ 2ರಂದು ಆಸ್ಟ್ರೇಲಿಯಾದ ಲೀಗು ತನ್ನ ಋತುವಿನ ಮೊದಲ ಎರಡು ಪಂದ್ಯಗಳನ್ನು ತನ್ನ ದೇಶದಲ್ಲಿ ಆಡದೆ ಅಮೆರಿಕದ ಲಾಸ್ ವೇಗಸ್ಸಿನಲ್ಲಿ ಆಡಿಸಿತ್ತು. ಐದು ವರ್ಷ ಹೀಗೆಯೇ ಮಾಡುವ ಯೋಜನೆ. ಅದಕ್ಕೆ ಮುಂಚೆ, ಸೌತ್ ಸಿಡ್ನಿ ತಂಡದ ಒಡೆಯರಲ್ಲೊಬ್ಬನಾದ ಸಿನಿಮಾ ನಟ ರಸೆಲ್ ಕ್ರೋ ಅಮೆರಿಕನ್ನರಿಗೆ ಈ ಆಟವನ್ನು ವಿವರಿಸಿದ ವಿಡಿಯೋ ಅದು. ಗಂಭೀರವಾದ ಕಂಠ, ವೇಗದ ದೃಶ್ಯಗಳು, ಗುಡುಗಿನಂಥ ಸಂಗೀತ. ನಾನು ಅದನ್ನು ಪಾಠ ವೀಕ್ಷಣೆಗೆ ಬಂದ ಇನ್ಸ್‌ಪೆಕ್ಟರರಂತೆ ಎರಡು ಸಲ ನೋಡಿದೆ.

ಬಿ.ಎಡ್. ಓದುವಾಗ ನಮಗೆ ಬಾಯಿಪಾಠ ಮಾಡಿಸಿದ ಮೊದಲ ಸೂತ್ರ: ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ಹೋಗಬೇಕು. ಆ ವಿಡಿಯೋ ಈ ಸೂತ್ರವನ್ನು ಪಾಲಿಸುತ್ತದೆ. ನಿಮ್ಮ ಫುಟ್ಬಾಲಿನ ಹಾಗೆಯೇ ನಮ್ಮದು ಎಂಬ ದಾರಿಯಿಂದ ಒಳಗೆ ಕರೆಯುತ್ತದೆ. ಅಲ್ಲಿಯವರೆಗೆ ನಾನು ಅದಕ್ಕೆ ಒಳ್ಳೆಯ ಅಂಕ ಕೊಡುತ್ತೇನೆ. ಆದರೆ ಆ ಹೋಲಿಕೆಯ ಬೇರು ಎಷ್ಟು ಆಳದಲ್ಲಿದೆಯೆಂಬುದನ್ನು ಅದು ಹೇಳುವುದಿಲ್ಲ.

ಎರಡೂ ಆಟಗಳು ಒಂದೇ ತಾಯಿಯ ಮಕ್ಕಳು, ಇಂಗ್ಲೆಂಡಿನ ಹಳೆಯ ರಗ್ಬಿಯವು. ಅಮೆರಿಕದಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಎಂಬುವನು 1880ರಲ್ಲಿ ಚೆಂಡಿಗಾಗಿ ಗುಂಪು ಗುದ್ದಾಡುವುದನ್ನು ನಿಲ್ಲಿಸಿ, ಒಂದು ತಂಡಕ್ಕೆ ಚೆಂಡಿನ ಹಕ್ಕು ಕೊಟ್ಟ. ಕೊಟ್ಟದ್ದೇ ತಡ, ಸಿಕ್ಕ ಚೆಂಡನ್ನು ಬಿಡದೆ ಅಪ್ಪಿಕೊಂಡು ಹೊತ್ತು ಕಳೆಯುವ ತಂಡಗಳು ಹುಟ್ಟಿದವು. ಆಗ 1882ರಲ್ಲಿ, ಮೂರು ಪ್ರಯತ್ನದಲ್ಲಿ ಐದು ಗಜ ಮುಂದೆ ಹೋಗದಿದ್ದರೆ ಚೆಂಡು ಬಿಟ್ಟುಕೊಡಬೇಕೆಂಬ ನಿಯಮ ಬಂತು. ಇತ್ತ ಇಂಗ್ಲೆಂಡಿನ ರಗ್ಬಿ ಲೀಗು 1906ರಲ್ಲಿ ಹದಿನೈದು ಜನರನ್ನು ಹದಿಮೂರಕ್ಕೆ ಇಳಿಸಿ, ಬಿದ್ದವನು ಎದ್ದು ಚೆಂಡನ್ನು ಹಿಂದಕ್ಕೆ ಉರುಳಿಸುವ ಪದ್ಧತಿ ತಂದಿತು. ಅಲ್ಲಿಯೂ ಅದೇ ರೋಗ ಕಾಣಿಸಿತು. ಬಲಿಷ್ಠ ತಂಡಗಳು ಚೆಂಡನ್ನು ಗಂಟೆಗಟ್ಟಲೆ ತಮ್ಮಲ್ಲೇ ಇಟ್ಟುಕೊಂಡವು, ಜನ ಆಕಳಿಸಿದರು. ಕೊನೆಗೆ 1966ರಲ್ಲಿ ನಾಲ್ಕು ಹಿಡಿತದ ಮಿತಿ ಬಂತು. ಮುಂದೆ ಎಪ್ಪತ್ತರ ದಶಕದ ಆರಂಭದಲ್ಲಿ ಅದು ಆರಾಯಿತು. ಸಾಗರದ ಎರಡು ದಂಡೆಯಲ್ಲಿ ಬೆಳೆದ ಅಣ್ಣತಮ್ಮಂದಿರಿಗೆ ಒಂದೇ ಕಾಯಿಲೆ ಬಂದು ಒಂದೇ ಮದ್ದು ಹಿಡಿಸಿದ ಹಾಗೆ.

ವ್ಯತ್ಯಾಸ ಬಂದದ್ದು ಆಮೇಲೆ. ಅಮೆರಿಕನ್ನರು ಕೆಲಸವನ್ನು ಹಂಚಿಕೊಂಡರು. ಎಸೆಯುವವನೊಬ್ಬ, ಹಿಡಿಯುವವನೊಬ್ಬ, ತಡೆಯುವುದಕ್ಕೆ ಬೇರೆಯೇ ಒಂದು ಪಡೆ. 2010ರಲ್ಲಿ ವಾಲ್‌ಸ್ಟ್ರೀಟ್ ಜರ್ನಲ್ ಪತ್ರಿಕೆ ಲೆಕ್ಕ ಹಾಕಿದಾಗ, ಮೂರು ಗಂಟೆ ಹಿಡಿಯುವ ಅವರ ಒಂದು ಪಂದ್ಯದಲ್ಲಿ ಚೆಂಡು ಆಟದಲ್ಲಿರುವುದು ಸುಮಾರು ಹನ್ನೊಂದು ನಿಮಿಷವೆಂದು ಕಂಡುಬಂತು. ರಗ್ಬಿ ಲೀಗಿನಲ್ಲಿ ಅಂಥ ಹಂಚಿಕೆಯಿಲ್ಲ. ಚೆಂಡು ಹೊತ್ತು ಓಡಿದವನೇ ಮರುಗಳಿಗೆ ಎದುರಾಳಿಯನ್ನು ಹಿಡಿಯಬೇಕು. ಅಡಿಗೆಯವಳೂ ಅವಳೇ, ಬಡಿಸುವವಳೂ ಅವಳೇ, ಮುಸುರೆ ತಿಕ್ಕುವವಳೂ ಅವಳೇ ಎಂಬಂಥ ಮನೆ. ಹೊಸಬ ಅಮೆರಿಕನ್ನನನ್ನು ಬೆರಗುಗೊಳಿಸುವುದು ಇದೇ, ಗಡಿಯಾರ ನಿಲ್ಲದೆ ಎಲ್ಲರೂ ಎಲ್ಲವನ್ನೂ ಮಾಡುವುದು.

ಆದರೆ ಆ ದಿನಗಳ ಪ್ರಚಾರದಲ್ಲೆಲ್ಲ ಎದ್ದು ಕೇಳುತ್ತಿದ್ದ ಮಾತು ಬೇರೆ. ಹೆಲ್ಮೆಟ್ಟಿಲ್ಲ, ಪ್ಯಾಡಿಲ್ಲ ಎಂಬುದೇ ಅದರ ಪಲ್ಲವಿ. ನಿಮ್ಮವರು ಕವಚ ತೊಟ್ಟು ಮಾಡುವುದನ್ನು ನಮ್ಮವರು ಬರಿ ಮೈಯಲ್ಲಿ ಮಾಡುತ್ತಾರೆ ಎಂಬ ಜಂಬ. ಈ ಮಾತಿನ ಹತ್ತಿರ ನನ್ನ ಕೆಂಪು ಪೆನ್ನು ನಿಂತುಬಿಟ್ಟಿತು. ಅದಕ್ಕೆ ಮುಂದೆ ಬರುತ್ತೇನೆ.

ಅಮೆರಿಕದವರನ್ನು ಒಲಿಸಿಕೊಳ್ಳುವ ಪ್ರಯತ್ನ ಇದು ಮೊದಲನೆಯದಲ್ಲ. 1953ರಲ್ಲಿ ಮೈಕ್ ಡಿಮಿಟ್ರೊ ಎಂಬುವನು ಕ್ಯಾಲಿಫೋರ್ನಿಯಾದ ಕಾಲೇಜು ಫುಟ್ಬಾಲ್ ಹುಡುಗರನ್ನು ಕಟ್ಟಿಕೊಂಡು, ಅದುವರೆಗೆ ಅವರು ಆಡದಿದ್ದ ಈ ಆಟವನ್ನು ಆಡಲು ಆಸ್ಟ್ರೇಲಿಯಾಕ್ಕೂ ನ್ಯೂಜಿಲೆಂಡಿಗೂ ಬಂದ. ಸಿಡ್ನಿಯ ಕ್ರಿಕೆಟ್ ಮೈದಾನದಲ್ಲಿ ಅವರನ್ನು ನೋಡಲು ಅರವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಹುಡುಗರು ಸೋತರು, ಆದರೆ ಓಡಿದರು, ಅಂಕ ಗಳಿಸಿದರು. 1987ರಲ್ಲಿ ಆಸ್ಟ್ರೇಲಿಯಾದ ಎರಡು ರಾಜ್ಯಗಳ ನಡುವಿನ ಪಂದ್ಯವನ್ನು ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಆಡಿಸಿದರು. ಹನ್ನೆರಡು ಸಾವಿರ ಚಿಲ್ಲರೆ ಜನ ಬಂದರು. 1989ರಲ್ಲಿ ಇಂಗ್ಲೆಂಡಿನ ವಿಗನ್ ಮತ್ತು ವಾರಿಂಗ್ಟನ್ ತಂಡಗಳು ಮಿಲ್ವಾಕಿಯಲ್ಲಿ ಆಡಿದವು. 2018ರಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ಡೆನ್ವರಿನಲ್ಲಿ ಆಡಿದವು. 2024ರ ವೇಗಸ್ಸಿನಲ್ಲಿ 40,746 ಜನ ಸೇರಿದರು. ಅವರಲ್ಲಿ ಸಾವಿರಾರು ಮಂದಿ ಆಸ್ಟ್ರೇಲಿಯಾದಿಂದಲೇ ವಿಮಾನ ಹತ್ತಿ ಹೋದವರು.

ಈ ಸಾಲನ್ನು ನೋಡಿದರೆ ನನಗೆ ನಮ್ಮೂರಿಗೆ ಬರುತ್ತಿದ್ದ ಸರ್ಕಸ್ ಕಂಪನಿ ನೆನಪಾಗುತ್ತದೆ. ಡೇರೆ ಹೊಡೆದರು, ತೋರಿಸಿದರು, ಡೇರೆ ಕಿತ್ತರು. ಊರಿನ ಒಂದು ಮಗುವೂ ಟ್ರಪೀಜ್ ಕಲಿಯಲಿಲ್ಲ. ಬೆರಗು ಹುಟ್ಟಿಸುವುದಕ್ಕೂ ಬಳಕೆಗೆ ತರುವುದಕ್ಕೂ ಬಹಳ ಅಂತರವಿದೆ. ಐದು ವರ್ಷ ಬಿಡದೆ ಹೋಗುತ್ತೇವೆಂಬ ಹೊಸ ಯೋಜನೆಯಲ್ಲಿ ಆ ಮಟ್ಟಿಗೆ ವಿವೇಕವಿದೆ.

ಆದರೆ ರಗ್ಬಿ ಲೀಗು ಅಮೆರಿಕದ ಪ್ರೇಕ್ಷಕರನ್ನು ಒಮ್ಮೆ ನಿಜವಾಗಿ ಗೆದ್ದದ್ದುಂಟು. ಗೆದ್ದದ್ದು ಮೈದಾನದಲ್ಲಿ ಅಲ್ಲ, ನಾಟಕದ ರಂಗದ ಮೇಲೆ. ಈ ಲೇಖನ ಬರೆಯುವ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಡೇವಿಡ್ ಸ್ಟೋರಿ ಇಂಗ್ಲೆಂಡಿನ ವೇಕ್‌ಫೀಲ್ಡಿನಲ್ಲಿ 1933ರಲ್ಲಿ ಹುಟ್ಟಿದ ಗಣಿ ಕಾರ್ಮಿಕನ ಮಗ. ಲಂಡನ್ನಿನ ಸ್ಲೇಡ್ ಶಾಲೆಯಲ್ಲಿ ಚಿತ್ರಕಲೆ ಕಲಿಯುತ್ತಿದ್ದಾಗ, ಖರ್ಚಿಗಾಗಿ ಲೀಡ್ಸ್ ಕ್ಲಬ್ಬಿನ ಎರಡನೆಯ ತಂಡದಲ್ಲಿ ಆಡುತ್ತಿದ್ದ. ಆಟಕ್ಕೆಂದು ರೈಲು ಹತ್ತಿ ಉತ್ತರಕ್ಕೆ ಹೋಗುವುದು, ಮತ್ತೆ ರೈಲು ಹತ್ತಿ ಕುಂಚದ ಬಳಿಗೆ ಬರುವುದು. ಎರಡು ಕಡೆಯೂ ಪರಕೀಯ. ಅವನು 1971ರಲ್ಲಿ ಬರೆದ ನಾಟಕ 'ದಿ ಚೇಂಜಿಂಗ್ ರೂಮ್', ಎಂದರೆ ಆಟಗಾರರು ಬಟ್ಟೆ ಬದಲಿಸುವ ಕೋಣೆ. ಮಗಳ ಊರಿನ ಲೈಬ್ರರಿಯಿಂದ ತಂದು ಎರಡು ದಿನದಲ್ಲಿ ಓದಿದೆ.

ನಾಟಕದಲ್ಲಿ ಆಟ ಕಾಣುವುದೇ ಇಲ್ಲ. ಮೂರು ಅಂಕ: ಆಟಕ್ಕೆ ಮುಂಚೆ, ವಿರಾಮದ ಹೊತ್ತು, ಆಟದ ನಂತರ. ಕೋಣೆ ಗುಡಿಸುವ ಹ್ಯಾರಿ ಎಂಬ ಮುದುಕ ಒಬ್ಬನೇ ಇರುವಾಗ ಆರಂಭ, ಅವನೊಬ್ಬನೇ ಉಳಿದಾಗ ಕೊನೆ. ನಡುವೆ ಚಳಿಯಲ್ಲಿ ನಡುಗುತ್ತ ಒಬ್ಬೊಬ್ಬರಾಗಿ ಆಟಗಾರರು ಬರುತ್ತಾರೆ, ಬಟ್ಟೆ ಕಳಚುತ್ತಾರೆ, ತಮಾಷೆ ಮಾಡುತ್ತಾರೆ, ಒಬ್ಬರ ಹೆಂಡತಿಯ ಬಗ್ಗೆ ಇನ್ನೊಬ್ಬರು ಕೊಂಕು ಮಾತಾಡುತ್ತಾರೆ, ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ, ಹೊರಗೆ ಹೋಗುತ್ತಾರೆ. ಕೆಂಡಲ್ ಎಂಬ ಆಟಗಾರ ಮನೆಗೆಲಸಕ್ಕೆಂದು ಒಂದು ವಿದ್ಯುತ್ ಉಪಕರಣ ಕೊಂಡಿದ್ದಾನೆ. ಎಲ್ಲರಿಗೂ ತೋರಿಸಿ ಬೀಗುತ್ತಾನೆ. ಆಟದ ನಡುವೆ ಮುಖಕ್ಕೆ ಪೆಟ್ಟು ಬಿದ್ದು ಮೂಗು ಮುರಿದು, ಕಣ್ಣು ಕಾಣದೆ ತಡವರಿಸುವ ಅವನನ್ನು ಒಳಗೆ ತರುತ್ತಾರೆ. ರಕ್ತ ತೊಳೆದು, ಮಗುವಿಗೆ ಮಾಡುವ ಹಾಗೆ ಬಟ್ಟೆ ತೊಡಿಸುತ್ತಾರೆ. ಅಂಥ ಹೊತ್ತಿನಲ್ಲೂ ಅವನ ಚಿಂತೆ ಆ ಉಪಕರಣದ್ದು. ಓದುತ್ತ ನನ್ನ ಕಣ್ಣು ತುಂಬಿತು. ದುಡಿಮೆಯ ಮನೆಯಲ್ಲಿ ಮುರಿದ ಮೂಗಿಗಿಂತ ಹೊಸದಾಗಿ ಕೊಂಡ ಸಾಮಾನು ದೊಡ್ಡದೆಂಬುದು ಗೊತ್ತಿರುವವರಿಗೆ ಗೊತ್ತು.

ಈ ನಾಟಕ 1972ರಲ್ಲಿ ಅಮೆರಿಕದ ನ್ಯೂ ಹೇವನ್ನಿನ ಲಾಂಗ್ ವಾರ್ಫ್ ರಂಗಮಂದಿರಕ್ಕೆ ಬಂತು, 1973ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಯಿತು. ಆ ವರ್ಷದ ಅತ್ಯುತ್ತಮ ನಾಟಕವೆಂದು ನ್ಯೂಯಾರ್ಕಿನ ವಿಮರ್ಶಕರ ಬಳಗ ಅದನ್ನೇ ಆರಿಸಿತು. ಕೆಂಡಲ್ ಪಾತ್ರ ಮಾಡಿದ ಜಾನ್ ಲಿತ್ಗೋ ಎಂಬ ಅಮೆರಿಕದ ಯುವ ನಟನಿಗೆ ಟೋನಿ ಪ್ರಶಸ್ತಿ ಬಂತು. ಆ ಪ್ರೇಕ್ಷಕರಲ್ಲಿ ರಗ್ಬಿ ಲೀಗಿನ ನಿಯಮ ಬಲ್ಲವರು ಎಷ್ಟು ಜನ ಇದ್ದಾರು? ಯಾರೂ ಅವರಿಗೆ ವಿಡಿಯೋ ತೋರಿಸಲಿಲ್ಲ, ಹಿಡಿತ ಎಷ್ಟೆಂದು ಎಣಿಸಿ ಹೇಳಲಿಲ್ಲ. ಅವರಿಗೆ ಕಂಡದ್ದು ವಾರವಿಡೀ ಬೇರೆ ಕೆಲಸ ಮಾಡಿ, ಶನಿವಾರ ಮಧ್ಯಾಹ್ನ ಕೆಸರಿಗಿಳಿದು, ಒಂದೆರಡು ಗಂಟೆ ಒಂದು ದೇಹವೆಂಬಂತೆ ಬದುಕಿ, ಸಂಜೆ ಮತ್ತೆ ಬೇರೆ ಬೇರೆಯಾಗಿ ಮನೆಗೆ ಹೋಗುವ ಮನುಷ್ಯರು. ಹೊಸಬರನ್ನು ಹಿಡಿಯುವ ಎರಡನೆಯ ಗುಟ್ಟು ಇದು. ನಿಯಮ ಬಾಗಿಲು ತೆರೆಯಬಹುದು, ಒಳಗೆ ಕೂರಿಸುವುದು ಮನುಷ್ಯರ ಕತೆ.

ಆ ಕತೆಯ ಮೂಲ ಒಂದು ಕೂಲಿಯ ಜಗಳದಲ್ಲಿದೆ. ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ, ಗಣಿಗಳ ಊರುಗಳಲ್ಲಿ ರಗ್ಬಿ ಆಡುತ್ತಿದ್ದವರು ಕೂಲಿಕಾರರು. ಶನಿವಾರವೂ ಮಧ್ಯಾಹ್ನದ ತನಕ ಕೆಲಸ. ದೂರದ ಊರಿಗೆ ಆಡಲು ಹೋದರೆ ಆ ದಿನದ ಕೂಲಿ ಖೋತಾ. ತಪ್ಪಿದ ಹೊತ್ತಿನ ಕೂಲಿಯನ್ನಾದರೂ ಕ್ಲಬ್ಬು ಕೊಡಲಿ ಎಂದು ಅವರು ಕೇಳಿದರು. ಆಟವನ್ನು ಆಳುತ್ತಿದ್ದವರು ಖಾಸಗಿ ಶಾಲೆಗಳಲ್ಲಿ ಓದಿದ ಸಿರಿವಂತರು. ಹಣ ಮುಟ್ಟಿದರೆ ಆಟದ ಮಡಿ ಕೆಡುತ್ತದೆ ಎಂದರು. ಹೊಟ್ಟೆ ತುಂಬಿದವರು ಮಡಿಯ ಮಾತಾಡುವುದು ನಮಗೆ ಹೊಸದೇನಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ಬೇರೆ ಒಕ್ಕೂಟ ಕಟ್ಟಿಕೊಂಡವು. ತಪ್ಪಿದ ಕೂಲಿಗೆ ದಿನಕ್ಕೆ ಆರು ಶಿಲ್ಲಿಂಗಿನ ಮಿತಿ ಹಾಕಿದವು. ಆ ಒಕ್ಕೂಟದ ಆಟವೇ ಮುಂದೆ ರಗ್ಬಿ ಲೀಗ್ ಆಯಿತು.

ಸಿಡ್ನಿಯಲ್ಲೂ ಅದೇ ಕತೆ. 1907ರಲ್ಲಿ ಅಲೆಕ್ ಬರ್ಡನ್ ಎಂಬ ಆಟಗಾರ ಆಡುವಾಗ ಪೆಟ್ಟು ತಿಂದು ಕೆಲಸಕ್ಕೆ ಹೋಗಲಾರದೆ ಕೂತ. ಒಕ್ಕೂಟ ಅವನಿಗೆ ಕಾಸು ಬಿಚ್ಚಲಿಲ್ಲ. ಅತೃಪ್ತರು ಸೇರಿ ಗುಸುಗುಸು ಮಾತಾಡುತ್ತಿದ್ದ ಜಾಗ ವಿಕ್ಟರ್ ಟ್ರಂಪರನ ಆಟದ ಸಾಮಾನಿನ ಅಂಗಡಿ. ಹೌದು, ನಮ್ಮ ಕ್ರಿಕೆಟ್ ಹುಚ್ಚರೆಲ್ಲ ಹೆಸರು ಬಲ್ಲ ಆ ಬ್ಯಾಟ್ಸ್‌ಮನ್ ಟ್ರಂಪರನೇ. ಹೊಸ ಲೀಗಿನ ಮೊದಲ ಖಜಾಂಚಿಯೂ ಅವನೇ. 1908ರಲ್ಲಿ ಸಿಡ್ನಿಯ ಲೀಗು ಆರಂಭವಾಯಿತು. ಆಟದ ನಿಯಮಗಳು ಬದಲಾದದ್ದಕ್ಕೂ ಇದರೊಂದಿಗೆ ನಂಟಿದೆ. ಕೂಲಿ ಕೊಡಬೇಕಾದರೆ ಟಿಕೆಟ್ಟು ಮಾರಬೇಕು, ಟಿಕೆಟ್ಟು ಮಾರಬೇಕಾದರೆ ಆಟ ನೋಡುವಂತಿರಬೇಕು. ಗುಂಪು ಗುದ್ದಾಟ ಕಡಿಮೆಯಾಗಿ ಓಟ ಹೆಚ್ಚಿದ್ದು ಹಾಗೆ. ಹೊಸಬರಿಗೆ ಈ ಆಟ ಬೇಗ ಅರ್ಥವಾಗುವುದು ಆಕಸ್ಮಿಕವಲ್ಲ. ದಿನದ ಕೂಲಿಯಲ್ಲಿ ಟಿಕೆಟ್ಟು ಕೊಂಡು ಬಂದವನಿಗೆ ಅರ್ಥವಾಗಲೆಂದೇ ಅದನ್ನು ತಿದ್ದುತ್ತ ಬಂದಿದ್ದಾರೆ.

ದುಡಿದದ್ದಕ್ಕೆ ಕೂಲಿ ಎಂಬ ಮಾತು ಅಮೆರಿಕದವರಿಗೆ ತಿಳಿಯದ್ದೇ? ಅವರ ನಾಡು ಮುಷ್ಕರಗಳ ಇತಿಹಾಸವುಳ್ಳದ್ದು. ಗೊತ್ತಿರುವುದರಿಂದ ಆರಂಭಿಸಬೇಕೆಂದರೆ ಇಲ್ಲಿಂದ ಆರಂಭಿಸಬಹುದಿತ್ತು. ಹಡರ್ಸ್‌ಫೀಲ್ಡಿನ ಆರು ಶಿಲ್ಲಿಂಗನ್ನು ಬಿಟ್ಟು ಬರಿ ತಲೆಯ ಜಂಬವನ್ನು ಆರಿಸಿಕೊಂಡರಲ್ಲ, ನನ್ನ ಮುಖ್ಯ ತಕರಾರು ಅದು.

ಈಗ ಕೆಂಪು ಪೆನ್ನಿನ ಮಾತು. ಸ್ಟೋರಿ 1960ರಲ್ಲಿ ಬರೆದ 'ದಿಸ್ ಸ್ಪೋರ್ಟಿಂಗ್ ಲೈಫ್' ಕಾದಂಬರಿಯನ್ನು ಲಿಂಡ್ಸೆ ಆಂಡರ್ಸನ್ 1963ರಲ್ಲಿ ಸಿನಿಮಾ ಮಾಡಿದ. ವೇಕ್‌ಫೀಲ್ಡಿನ ನಿಜವಾದ ಮೈದಾನದಲ್ಲಿ ಚಿತ್ರಿಸಿದ ಕಪ್ಪು ಬಿಳುಪು ಚಿತ್ರ. ಆಟಗಾರ ಮಷಿನ್ ಆಗಿ ರಿಚರ್ಡ್ ಹ್ಯಾರಿಸ್, ಅವನು ಬಾಡಿಗೆಗಿರುವ ಮನೆಯ ವಿಧವೆ ಮಿಸೆಸ್ ಹ್ಯಾಮಂಡ್ ಆಗಿ ರೇಚಲ್ ರಾಬರ್ಟ್ಸ್. ಹ್ಯಾರಿಸ್‌ಗೆ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು, ಇಬ್ಬರ ಹೆಸರೂ ಆಸ್ಕರ್ ಪಟ್ಟಿಗೆ ಹೋಯಿತು. ಚಿತ್ರ ಆರಂಭವಾಗುವುದೇ ಮೈದಾನದಲ್ಲಿ ಅವನ ಹಲ್ಲು ಮುರಿಯುವುದರಿಂದ. ಬಲವೇ ಬಂಡವಾಳವಾದ ಈ ಗಂಡಸಿಗೆ ಮೈದಾನದಲ್ಲಿ ಮೆಚ್ಚುಗೆ ತಂದ ಅದೇ ಒರಟುತನ ಮನೆಯೊಳಗೆ ಪ್ರೀತಿಯನ್ನು ಕೊಲ್ಲುತ್ತದೆ. ಮಿಸೆಸ್ ಹ್ಯಾಮಂಡ್ ಮೆದುಳಿನ ರಕ್ತಸ್ರಾವದಿಂದ ಸಾಯುತ್ತಾಳೆ, ಅವನು ಮತ್ತೆ ಆಡಲು ಹೋಗುತ್ತಾನೆ. ಆಟದ ಬೆಲೆಯನ್ನು ಇಷ್ಟು ನೇರವಾಗಿ ಹೇಳಿದ ಚಿತ್ರ ಅರವತ್ತು ವರ್ಷದ ಹಿಂದೆಯೇ ಬಂದಿರುವಾಗ, ಇಂದಿನ ಜಾಹೀರಾತು ಆ ಬೆಲೆಯನ್ನೇ ಶೋಭೆಯೆಂದು ತೋರಿಸುವುದು ಹಿನ್ನಡೆಯಲ್ಲವೆ?

ಅದೂ ಯಾವ ದೇಶಕ್ಕೆ? ಪಿಟ್ಸ್‌ಬರ್ಗಿನ ಫುಟ್ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ 2002ರಲ್ಲಿ ತೀರಿಕೊಂಡ. ಹೆಲ್ಮೆಟ್ಟು ಹಾಕಿಕೊಂಡೇ ಆಡಿದ್ದವನು. ಡಾಕ್ಟರ್ ಬೆನೆಟ್ ಒಮಾಲು ಅವನ ಮೆದುಳನ್ನು ಪರೀಕ್ಷಿಸಿ, ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಹುಟ್ಟುವ ರೋಗವನ್ನು ಕಂಡುಹಿಡಿದದ್ದು ಆ ದೇಶದಲ್ಲಿ. ಸಾವಿರಾರು ನಿವೃತ್ತ ಆಟಗಾರರು ಮೊಕದ್ದಮೆ ಹೂಡಿ 2013ರಲ್ಲಿ ರಾಜಿಗೆ ಬಂದದ್ದೂ ಅಲ್ಲೇ. ರಗ್ಬಿ ಲೀಗಿನ ಮನೆಯಲ್ಲೂ ಈ ದುಃಖ ಇದೆ. ಆಟಗಾರನೂ ಕೋಚೂ ಆಗಿದ್ದ ಪಾಲ್ ಗ್ರೀನ್ 2022ರಲ್ಲಿ ತೀರಿಕೊಂಡಾಗ ಅವನ ಮೆದುಳಲ್ಲೂ ಅದೇ ರೋಗ ಕಂಡಿತು. ಲೀಗಿನವರು ಸುಮ್ಮನೆ ಕೂತಿಲ್ಲ. ತಲೆಗೆ ಪೆಟ್ಟು ಬಿದ್ದವನನ್ನು ಹೊರಗೆ ಕರೆದು ಪರೀಕ್ಷಿಸುತ್ತಾರೆ. ಪೆಟ್ಟು ಖಚಿತವಾದರೆ ಸಾಮಾನ್ಯವಾಗಿ ಕನಿಷ್ಠ ಹನ್ನೊಂದು ದಿನ ಆಡುವಂತಿಲ್ಲವೆಂದು 2023ರಿಂದ ನಿಯಮ ಮಾಡಿದ್ದಾರೆ. ಮನೆಯೊಳಗೆ ಇಷ್ಟು ಎಚ್ಚರ ವಹಿಸುವವರು ಬಾಗಿಲ ಬೋರ್ಡಿನಲ್ಲಿ ಹೆಲ್ಮೆಟ್ಟಿಲ್ಲವೆಂದು ಬರೆಸುವುದೇಕೆ?

ಈ ಸಿಟ್ಟಿಗೆ ನನ್ನದೇ ಒಂದು ಪಾಪದ ನೆನಪು ಕಾರಣ. ಬಹಳ ವರ್ಷದ ಹಿಂದೆ ತಾಲೂಕು ಮಟ್ಟದ ಕಬಡ್ಡಿಗೆ ನಮ್ಮ ಹುಡುಗರ ಜೊತೆ ಹೋಗಿದ್ದೆ. ಕೊನೆಯ ಪಂದ್ಯದಲ್ಲಿ ನಮ್ಮ ಒಳ್ಳೆಯ ಆಟಗಾರ ಎರಡು ಮೊಣಕಾಲುಗಳ ನಡುವೆ ಸಿಕ್ಕಿ ತಲೆ ಹೊಡೆಸಿಕೊಂಡು ಬಿದ್ದ. ಎಬ್ಬಿಸಿದಾಗ ನನ್ನನ್ನು ಗುರುತಿಸದವನಂತೆ ನೋಡಿದ. ಮುಖಕ್ಕೆ ನೀರು ಎರಚಿದೆವು, ಸೋಡಾ ಕುಡಿಸಿದೆವು, ಬೆನ್ನು ತಟ್ಟಿ ಮತ್ತೆ ಕಳಿಸಿದೆವು. ಬೆನ್ನು ತಟ್ಟಿದ ಕೈಗಳಲ್ಲಿ ನನ್ನದೂ ಒಂದು. ಗೆದ್ದೆವು. ಆಮೇಲೆ ತಿಂಗಳುಗಟ್ಟಲೆ ಆ ಹುಡುಗ ಬೆಳಕಿನ ಕಡೆಯ ಬೆಂಚಿನಲ್ಲಿ ಕೂರಲಾರದೆ ತಲೆ ಹಿಡಿದುಕೊಳ್ಳುತ್ತಿದ್ದ. ಅವನು ನೆಪ ಹೇಳುತ್ತಾನೆಂದು ನಾನು ಗದರಿದ್ದೂ ಉಂಟು. ಅವನು ಈಗ ಚೆನ್ನಾಗಿದ್ದಾನೆ, ಎದುರು ಸಿಕ್ಕರೆ ಕಾಲು ಮುಟ್ಟುತ್ತಾನೆ. ನನಗೆ ಮಾತ್ರ ಆ ನೋಟ ಮರೆತಿಲ್ಲ. ಕೆಂಡಲ್‌ನನ್ನು ತೊಳೆದು ಬಟ್ಟೆ ತೊಡಿಸುವ ದೃಶ್ಯ ಓದಿದಾಗ ಕಣ್ಣು ತುಂಬಿದ್ದು ಬರೀ ಸಾಹಿತ್ಯದ ಗುಣದಿಂದಲ್ಲ.

ಮಗಳ ಮನೆಯಲ್ಲಿ ಇದೇ ಚರ್ಚೆ ನಡೆದಿತ್ತು. ಮೊಮ್ಮಗನಿಗೆ ಊರಿನ ಮಕ್ಕಳ ತಂಡಕ್ಕೆ ಸೇರುವ ಹಂಬಲ. ಮಗಳು ಬೇಡವೆನ್ನುತ್ತಾಳೆ. ಅಳಿಯ, "ಈ ಊರಾಗ ಬೆಳೆಯೋ ಹುಡುಗ, ಊರಿನ ಆಟ ಆಡದಿದ್ರ ಹೊರಗಿನವನಾಗೇ ಉಳೀತಾನ. ಅತ್ತೆಯವರೇ, ನೀವೇ ಹೇಳ್ರಿ" ಎಂದ. ಇಬ್ಬರ ಮಾತೂ ನಿಜ. ಹೊಸಬನಿಗೆ ಆಟವೆಂದರೆ ಮನರಂಜನೆಯಷ್ಟೇ ಅಲ್ಲ, ಸೇರಿಕೊಳ್ಳುವ ದಾರಿ. ಮೈದಾನದಲ್ಲಿ ನನ್ನ ಪಕ್ಕ ಕೂತಿದ್ದ ನೀಲಿ-ಹಳದಿ ಅಂಗಿಯ ಮುದುಕ ನಾನು ಐದನೆಯ ಬೆರಳು ಮಡಚಿದ್ದನ್ನು ಕಂಡು ತಲೆಯಾಡಿಸಿ ನಕ್ಕಿದ್ದ. ಒಂದು ನಿಮಿಷ ನಾನೂ ಆ ಊರಿನವಳಾಗಿದ್ದೆ. ಈ ಸುಖವನ್ನು ಮಗುವಿಗೆ ಬೇಡವೆನ್ನಲು ನಾನಾರು?

ಆ ಪ್ರಶ್ನೆಯನ್ನು ತಲೆಯಲ್ಲಿ ಇಟ್ಟುಕೊಂಡೇ ಊರಿಗೆ ಮರಳಿದೆ. 2025ರ ಮಾರ್ಚ್ 1ರಂದು ವೇಗಸ್ಸಿನಲ್ಲಿ ನಾಲ್ಕು ಪಂದ್ಯಗಳಾದವು, 45,209 ಜನ ಸೇರಿದರು. ಈ ಸಲ ಇಂಗ್ಲೆಂಡಿನ ವಿಗನ್ ಮತ್ತು ವಾರಿಂಗ್ಟನ್ ತಂಡಗಳೂ ಇದ್ದವು. ನನ್ನ ಕುತೂಹಲವಿದ್ದದ್ದು ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡಿನ ಹೆಂಗಸರ ಪಂದ್ಯದಲ್ಲಿ. ಸ್ಟೋರಿಯ ಆ ಕೋಣೆಗೆ ಒಬ್ಬ ಹೆಂಗಸೂ ಕಾಲಿಡುವುದಿಲ್ಲ. ಸಿನಿಮಾದಲ್ಲಿ ಹೆಂಗಸು ಮೌನವಾಗಿ ಸಾಯುತ್ತಾಳೆ. ಈಗ ಹೆಂಗಸರೇ ಚೆಂಡು ಹೊತ್ತು ಓಡುತ್ತಾರೆಂದರೆ ಕತೆ ಒಂದು ಸುತ್ತು ಮುಂದೆ ಹೋದಂತೆ. ಆದರೆ ಫಲಿತಾಂಶ: ಆಸ್ಟ್ರೇಲಿಯಾ 90, ಇಂಗ್ಲೆಂಡ್ 4.

ಹೊಸ ಪ್ರೇಕ್ಷಕರ ಮುಂದೆ ಇಷ್ಟು ಏಕಪಕ್ಷೀಯ ಪಂದ್ಯ ಇಡಬಾರದಿತ್ತು ಎನ್ನುವವರಿದ್ದಾರೆ. ನನಗೆ ಅದರ ಹಿಂದಿನ ಸಂಗತಿ ಮುಖ್ಯವಾಗಿ ಕಂಡಿತು. ಇಂಗ್ಲೆಂಡಿನ ಆ ಹೆಂಗಸರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಿಕೊಂಡು, ಉಳಿದ ಹೊತ್ತಿನಲ್ಲಿ ಆಡುವವರು. ಎದುರು ನಿಂತವರಿಗೆ ಸಂಬಳದ ಲೀಗು 2018ರಿಂದ ಇದೆ. 1895ರಲ್ಲಿ ಗಂಡಸರು ಯಾವ ಪ್ರಶ್ನೆ ಎತ್ತಿ ಈ ಆಟವನ್ನು ಹುಟ್ಟಿಸಿದರೋ, ಆಟಕ್ಕಾಗಿ ತಪ್ಪಿದ ದುಡಿಮೆಗೆ ಬೆಲೆ ಯಾರು ಕೊಡಬೇಕೆಂಬ ಅದೇ ಪ್ರಶ್ನೆ, 130 ವರ್ಷದ ನಂತರ ಅದೇ ಆಟದ ಹೆಣ್ಣುಮಕ್ಕಳ ಮುಂದೆ ಬಿದ್ದಿದೆ. ಅಮೆರಿಕದ ಪ್ರೇಕ್ಷಕರಿಗೆ ಇದನ್ನು ಯಾರಾದರೂ ಹೇಳಿದ್ದರೆ, ಆ ನಾಲ್ಕು ಅಂಕಕ್ಕೆ ಅವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರೇನೋ.

ಆದ್ದರಿಂದ ನನ್ನ ತೀರ್ಪು ಇಷ್ಟು. ಆಟ ಒಳ್ಳೆಯದು. ನೇರವಾದದ್ದು, ಚುರುಕಾದದ್ದು, ಬಡವರು ತಮಗಾಗಿ ಕಟ್ಟಿಕೊಂಡದ್ದು. ಹೊಸಬರಿಗೆ ಅದನ್ನು ಕಲಿಸುವವರು ಮೊದಲು ಬೆರಳು ಮಡಚಿ ಎಣಿಸಲು ಹೇಳಿಕೊಡಲಿ, ಆಮೇಲೆ ಹಡರ್ಸ್‌ಫೀಲ್ಡಿನ ಕತೆ ಹೇಳಲಿ. ಬರಿ ತಲೆಯನ್ನು ಮಾರಾಟದ ಸರಕು ಮಾಡದಿರಲಿ. ಲಿತ್ಗೋ ಎಂಬ ನಟ ಬ್ರಾಡ್‌ವೇ ಪ್ರೇಕ್ಷಕರ ಮನಸ್ಸು ಗೆದ್ದದ್ದು ಪೆಟ್ಟು ಕೊಡುವುದನ್ನು ತೋರಿಸಿ ಅಲ್ಲ, ಪೆಟ್ಟು ತಿಂದವನು ಹೇಗಿರುತ್ತಾನೆಂಬುದನ್ನು ತೋರಿಸಿ.

ಮನೆಯ ತೀರ್ಪನ್ನು ಫೋನಿನಲ್ಲಿ ಹೇಳಿದೆ. ಅಲ್ಲಿ ಮಕ್ಕಳಿಗೆ ಟ್ಯಾಗ್ ಆಟವೂ ಇದೆ. ಸೊಂಟದ ಎರಡು ಬದಿಗೆ ಪಟ್ಟಿ ಅಂಟಿಸುತ್ತಾರೆ, ಕೆಡವುವ ಬದಲು ಆ ಪಟ್ಟಿಯನ್ನು ಕಿತ್ತರೆ ಹಿಡಿತವಾದಂತೆ ಲೆಕ್ಕ. ಸದ್ಯ ಅದನ್ನು ಆಡಲಿ, ಕೆಡವುವ ಆಟದ ಮಾತು ಅವನು ದೊಡ್ಡವನಾದ ಮೇಲೆ, ಅವನಿಗೂ ಪಾಲ್ ಗ್ರೀನ್‌ನ ವಿಷಯ ತಿಳಿಸಿ, ನೀವು ಮೂವರೂ ಕೂತು ನಿರ್ಧರಿಸಿ ಎಂದೆ. ಮಗಳು, "ಅವ್ವಾ, ಇದು ತೀರ್ಪಲ್ಲ, ವಾಯಿದೆ" ಎಂದಳು. ಇರಬಹುದು. ಹಿಂದೊಮ್ಮೆ ಅವಸರದಲ್ಲಿ ಒಬ್ಬ ಹುಡುಗನ ಬೆನ್ನು ತಟ್ಟಿ ಕಳಿಸಿದವಳು ನಾನು, ಈಗ ವಾಯಿದೆ ಕೇಳುವುದೇ ಸರಿ.

ಫೋನಿನಲ್ಲಿ ಮೊಮ್ಮಗನ ದನಿ ಬಂತು. ಟ್ಯಾಗ್ ಆಟದಲ್ಲೂ ಆರೇ ಹಿಡಿತ, ಎಣಿಸುವುದನ್ನು ಮರೆಯಬೇಡ ಎಂದ. ಮರೆತಿಲ್ಲವೆಂದೆ. ಮರುದಿನ ಶಾಲೆಯಲ್ಲಿ ಪಿ.ಟಿ. ಮಾಸ್ತರರಿಗೆ ಅವರ ಆಟದ ಪೀರಿಯಡ್ಡೊಂದನ್ನು ಹಿಂತಿರುಗಿಸಿದೆ. ಅವರು ನಂಬದೆ ಎರಡು ಸಲ ಕೇಳಿದರು.